ಎರಡು ಹಾಳೆ ದಪ್ಪದ ಉಕ್ಕು

ನನ್ನ ಅಪ್ಪನ ಕೈ ಕೆಟ್ಟಿತು ಎಂದು ನಮ್ಮ ಸುತ್ತಿನ ನಾಲ್ಕು ತಾಲೂಕಿನಲ್ಲಿ ಜನ ಈಗಲೂ ಹೇಳುತ್ತಾರೆ. ಕಿತ್ತೂರಿನ ಗ್ಯಾರೇಜುಗಳಲ್ಲಿ ಹೇಳುತ್ತಾರೆ, ಸವದತ್ತಿಯಲ್ಲಿ ಹೇಳುತ್ತಾರೆ, ರಾಮದುರ್ಗದಲ್ಲಂತೂ ಕಾರಿನ ಬಣ್ಣದ ಸಮೇತ ಹೇಳುತ್ತಾರೆ. ಆ ಮಾತಿನಲ್ಲಿ ನಾನೂ ಬರುತ್ತೇನೆ, ಅದೂ ಒಳ್ಳೆಯವಳಾಗಿ. ಓದಿದ ಮಗಳು ಬೇಡ ಬೇಡ ಎಂದಳಂತೆ, ಮುದುಕ ಕೇಳಲಿಲ್ಲವಂತೆ. ನಡೆದದ್ದು ಅದರ ಉಲ್ಟಾ. ಬೇಡ ಎಂದು ಅನುಮಾನಪಟ್ಟವನು ಅಪ್ಪ. ಕೇಳದೆ ಹೋದವಳು ನಾನು.

ಅಪ್ಪ ಬೈಲಹೊಂಗಲದಲ್ಲಿ ಇಂಜಿನ್ ಬೋರಿಂಗ್ ಮಾಡುತ್ತಿದ್ದ. ಬಾವಿ ಕೊರೆಯುವ ಬೋರಿಂಗ್ ಅಲ್ಲ, ಸಿಲಿಂಡರ್ ಕೊರೆಯುವುದು. ಇಂಜಿನ್ನಿನ ಬ್ಲಾಕಿನಲ್ಲಿ ಪಿಸ್ಟನ್ ಲಕ್ಷ ಲಕ್ಷ ಸಲ ಮೇಲೆ ಕೆಳಗೆ ಓಡಾಡಿ ಸಿಲಿಂಡರಿನ ಗೋಡೆ ಸವೆಯುತ್ತದೆ. ದುಂಡಗಿದ್ದದ್ದು ಮೊಟ್ಟೆಯಂತಾಗುತ್ತದೆ. ಗೋಡೆಗೂ ಪಿಸ್ಟನ್ನಿಗೂ ನಡುವೆ ಸಂದಿ ಬಿಟ್ಟು ಎಣ್ಣೆ ಮೇಲೇರಿ ಉರಿದು ನೀಲಿ ಹೊಗೆ ಬರುತ್ತದೆ. ಆಗ ಬ್ಲಾಕನ್ನು ಅಪ್ಪನ ಹತ್ತಿರ ತರುತ್ತಿದ್ದರು. ಅಪ್ಪ ಅದನ್ನು ಮಷೀನಿಗೆ ಕಟ್ಟಿ ಒಂದಿಷ್ಟು ಕೊರೆದು ಮತ್ತೆ ದುಂಡಗೆ ಮಾಡುತ್ತಿದ್ದ. ಅದಕ್ಕೆ ಮೊದಲಿಗಿಂತ ಒಂಚೂರು ದೊಡ್ಡ ಪಿಸ್ಟನ್ ಕೂಡಿಸಿದರೆ ಇಂಜಿನ್ನಿಗೆ ಇನ್ನೊಂದು ಜನ್ಮ. ಟ್ರ್ಯಾಕ್ಟರ್, ಟೆಂಪೊ, ಹೊಳೆದಂಡೆಯ ಡೀಸೆಲ್ ಪಂಪು, ಹತ್ತಿ ಸಾಗಿಸುವ ಲಾರಿ. ಸಂಪಗಾಂವದ ನಮ್ಮ ಮನೆಯಿಂದ ಬೆಳಿಗ್ಗೆ ಸೈಕಲ್ ಮೇಲೆ ಹೋದರೆ ಹಣೆಯ ವಿಭೂತಿ ಎಣ್ಣೆಯಲ್ಲಿ ಕಲಸಿ ಹೋಗುವವರೆಗೂ ಕೆಲಸ.

ಅಂಗಡಿಯಲ್ಲಿ ಒಂದು ರೂಢಿಯಿತ್ತು. ಕೊರೆಯುವ ಮೊದಲು ಅಪ್ಪ ಬ್ಲಾಕಿನ ಮಾಲೀಕನ ಕೈಯನ್ನು ಸಿಲಿಂಡರಿನೊಳಗೆ ಇಡಿಸುತ್ತಿದ್ದ. ಪಿಸ್ಟನ್ ಮುಟ್ಟದ ಮೇಲಿನ ಅಂಚು ಹಾಗೇ ಉಳಿದು, ಅದರ ಕೆಳಗೆ ಸವೆದು, ಅಲ್ಲೊಂದು ಸಣ್ಣ ಮೆಟ್ಟಿಲು ಎದ್ದಿರುತ್ತದೆ. ಮಾಲೀಕನ ಉಗುರು ಅದಕ್ಕೆ ತಗಲಬೇಕು. ಆಮೇಲೆ ಅಪ್ಪ ಕೇಳುತ್ತಿದ್ದ: "ಕೊರೀಲೇನ್ರಿ?" ಅವರು ಬಾಯಿಬಿಟ್ಟು "ಕೊರೀರಿ" ಅನ್ನಬೇಕು. ತಲೆ ಆಡಿಸಿದರೆ ನಡೆಯುತ್ತಿರಲಿಲ್ಲ. ಕೊರೆದ ಕಬ್ಬಿಣ ತಿರುಗಿ ಅಂಟುವುದಿಲ್ಲ, ಅದಕ್ಕೆ ಮಾತು ಆಗಬೇಕು ಎಂಬುದು ಅವನ ಲೆಕ್ಕ. ಮಷೀನು ಶುರು ಮಾಡುವ ಗುಂಡಿಗಿಂತ ಆ ಮಾತೇ ದೊಡ್ಡದು ಅವನಿಗೆ.

ಅಪ್ಪ ಓದಿದ್ದು ನಾಲ್ಕನೆಯ ಇಯತ್ತೆ. ಅವ್ವ ಸಾಲಿಗೇ ಹೋದವಳಲ್ಲ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ, ಎರಡು ವರ್ಷ ಒಂದು ಕಾರ್ಖಾನೆಯಲ್ಲಿ ತಪಾಸಣೆ ಕೆಲಸ ಮಾಡಿ, ಆಮೇಲೆ ಬೆಳಗಾವಿಗೆ ಬಸ್ಸಿನಲ್ಲಿ ಓಡಾಡಿ ಇಂಜಿನಿಯರಿಂಗ್ ಮುಗಿಸಿದೆ. ನಮ್ಮ ಎರಡೂ ಕಡೆಯ ಬಳಗದಲ್ಲಿ ಪದವಿ ಕಂಡವಳು ನಾನೇ ಮೊದಲು. ಇದನ್ನು ಜಂಬ ಎಂದರೆ ಜಂಬ. ಪಿಸ್ಟನ್ ರಿಂಗನ್ನು ಕೈಯಲ್ಲಿ ಹಿಡಿದು ಬೆಳೆದ ನಾನು ಮೊದಲ ವರ್ಷ ಇಂಗ್ಲಿಷಿನಲ್ಲಿ ಅದೇ ರಿಂಗಿನ ಪಾಠ ಅರ್ಥವಾಗದೆ ಅತ್ತಿದ್ದೇನೆ. ತರಗತಿಯಲ್ಲಿ ಅರವತ್ತು ಹುಡುಗರು, ಮೂವರು ಹುಡುಗಿಯರು. ನೇಸರಗಿಯ ಹತ್ತಿರ ಬಸ್ಸು ಕೆಟ್ಟು ನಿಂತ ದಿನ ಚಾಲಕನಿಗೆ ಡೀಸೆಲ್ ಪೈಪಿನಲ್ಲಿ ಗಾಳಿ ಹಿಡಿದಿದೆ ಎಂದು ಹೇಳಿ, ಅವನು ನಕ್ಕು, ಆಮೇಲೆ ಅದೇ ಆಗಿದ್ದು, ಅವತ್ತು ಪರೀಕ್ಷೆಗೆ ಅರ್ಧ ತಾಸು ತಡವಾಗಿ ಹೋಗಿ ಕೂತಿದ್ದೆ. ಹೀಗೆ ಒಂದೊಂದಾಗಿ ಗೆದ್ದ ಪದವಿ. ಈಗ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನನಗೆ ಕೆಲಸ ಸಿಕ್ಕ ಮೇಲೆ ಅಪ್ಪ ಅಂಗಡಿಗೆ ಬಂದವರಿಗೆಲ್ಲ ಕೇಳದಿದ್ದರೂ ಹೇಳುತ್ತಿದ್ದ: "ನಮ್ಮಾಕಿ ಇದನ್ನ ಪುಸ್ತಕದಾಗ ಕಲಸ್ತಾಳ್ರಿ. ನಾ ಬರೇ ಕೈಲೆ ಮಾಡ್ತೇನಿ."

ಆ ಕಾರು ರಾಮದುರ್ಗದ ಒಬ್ಬ ಸೀರೆ ವ್ಯಾಪಾರಿಯದು. ಐವತ್ತು ದಾಟಿದ ಸಾವಕಾರರು, ತಲೆ ನರೆತಿತ್ತು, ಹೊಟ್ಟೆ ಸ್ಟಿಯರಿಂಗಿಗೆ ತಗಲುತ್ತಿತ್ತು. ಹಳೆಯದಾದರೂ ಹೊರದೇಶದ ಕಂಪನಿಯ, ಓಟಕ್ಕೆಂದೇ ಮಾಡಿದ ಗಾಡಿಯನ್ನು ಯಾರದೋ ಕೈಯಿಂದ ಕೊಂಡಿದ್ದರು. ಭಾನುವಾರ ಬೆಳಿಗ್ಗೆ ರಾಮದುರ್ಗದಿಂದ ಸವದತ್ತಿ, ಮುರಗೋಡ, ಬೈಲಹೊಂಗಲ ದಾಟಿ ಕಿತ್ತೂರಿನ ಹೆದ್ದಾರಿ ಹಿಡಿಯುವುದು, ಅಲ್ಲಿ ಅರ್ಧ ತಾಸು ಮನಸ್ಸಿಗೆ ಬಂದಷ್ಟು ಓಡಿಸುವುದು, ಒಂದು ಚಹಾ ಕುಡಿದು ತಿರುಗಿ ಬರುವುದು. ಅಷ್ಟೇ ಅವರ ಚಟ. ದಾರಿಯಲ್ಲಿ ಅಪ್ಪನ ಅಂಗಡಿಯ ಮುಂದೆ ನಿಲ್ಲಿಸಿ ಸದ್ದು ಕೇಳಿಸಿ ಹೋಗುತ್ತಿದ್ದರು. "ನಮ್ಮ ಮನ್ಯಾಕಿ ಇದಕ್ಕ ಸವತಿ ಅಂತಾಳ್ರಿ ಮಿಸ್ತ್ರಿ. ಮನ್ಯಾಗ ಇದರ ಹೆಸರು ತಗದ್ರ ರೊಟ್ಟಿ ಕರ್ರಗ ಆಗತಾವು" ಎಂದು ಅವರೇ ನಗುತ್ತಿದ್ದರು.

ಆ ಗಾಡಿ ಹೊಗೆ ಹಾಕತೊಡಗಿತು. ಎಣ್ಣೆ ತಿನ್ನತೊಡಗಿತು. ಬೆಳಗಾವಿಯಲ್ಲಿ ಇಂಜಿನ್ ಬಿಚ್ಚಿಸಿ, ಬರೀ ಬ್ಲಾಕನ್ನು ಗೋಣಿಚೀಲದಲ್ಲಿ ಸುತ್ತಿ, ಒಂದು ಸಂಜೆ ಸಾವಕಾರರೇ ಅಂಗಡಿಗೆ ತಂದಿಳಿಸಿದರು. ದೀಪಾವಳಿ ರಜೆ. ನಾನು ಅಂಗಡಿಯಲ್ಲಿದ್ದೆ. ಬ್ಲಾಕು ಅಲ್ಯೂಮಿನಿಯಂದು, ಇಬ್ಬರೇ ಎತ್ತುವಷ್ಟು ಹಗುರ. ಸಿಲಿಂಡರುಗಳು ನಾಲ್ಕು.

ಅಪ್ಪ ರೂಢಿಯಂತೆ ಸಾವಕಾರರ ಕೈ ಹಿಡಿದು ಒಳಗೆ ಇಡಿಸಿದ. ಅವರು ಉಗುರಾಡಿಸಿ, "ಗೀರು ಹತ್ತತಾವ ನೋಡ್ರಿ" ಎಂದರು. ನಾನು ಬ್ಯಾಟರಿ ಬೆಳಕು ಬಿಟ್ಟು ನೋಡಿದೆ. ಮೇಲಿಂದ ಕೆಳಕ್ಕೆ ಉದ್ದುದ್ದ ಗೀರುಗಳು. "ಸಾವಕಾರ್ರ, ಗಾಳಿ ಫಿಲ್ಟರ್ ಬದಲಿ ಮಾಡೀರೇನ್ರಿ?" ಎಂದು ಕೇಳಿದೆ. ಅವರು ಬೆರಗಾದರು. ಪುಣೆಯಲ್ಲಿ ಯಾರೋ ಮುಚ್ಚಿದ ಫಿಲ್ಟರ್ ಡಬ್ಬಿ ತೆಗೆದು, ಸದ್ದು ಚೆನ್ನಾಗಿ ಬರಲೆಂದು ತೆರೆದ ಫಿಲ್ಟರ್ ಹಾಕಿಕೊಟ್ಟಿದ್ದರು. ಮುರಗೋಡದ ರಸ್ತೆಯ ಧೂಳೆಲ್ಲ ಒಳಗೆ ಹೋಗಿ ಗೋಡೆಯನ್ನು ಉಜ್ಜಿದೆ ಎಂದು ಹೇಳಿದೆ. ಅದು ಸರಿಯಾಗಿತ್ತು. ಇವತ್ತಿಗೂ ಅದು ಸರಿ. ಆದರೆ ಅದೊಂದು ಸರಿ ಹೇಳಿದ್ದರಿಂದಲೇ ಮುಂದಿನದು ಕೆಟ್ಟಿತು ಅನ್ನಿಸುತ್ತದೆ.

"ನೋಡಿದ್ರಿಲ್ಲೋ ಮಿಸ್ತ್ರಿ, ಬೆಳಗಾವ್ಯಾಗ ಮೂರು ಮಂದಿ ನೋಡಿದ್ರು, ಒಬ್ಬಾಂವಗೂ ಇದು ಹೊಳೀಲಿಲ್ಲ. ಬಾಯಾರು ನಿಂತ ಕಾಲ ಮ್ಯಾಲೆ ಹೇಳಿದ್ರು" ಎಂದರು ಸಾವಕಾರರು. ನಮ್ಮ ಕಡೆ ಕಲಿಸುವ ಹೆಂಗಸರಿಗೆಲ್ಲ ಬಾಯಾರು ಅನ್ನುತ್ತಾರೆ. ಅಪ್ಪನ ಮುಖ ಅರಳಿತು.

"ಕೊರೀಲೇನ್ರಿ?" ಎಂದ ಅಪ್ಪ.

"ನನ್ನೇನ್ ಕೇಳ್ತೀರಿ? ಬಾಯಾರ್ನ ಕೇಳ್ರಿ. ಅವರು ಹೂಂ ಅಂದ್ರ ಕೊರೀರಿ, ಊಹೂಂ ಅಂದ್ರ ಬಿಡ್ರಿ" ಎಂದು ಹೇಳಿ, ಅರ್ಧ ಮಿಲಿಮೀಟರ್ ದೊಡ್ಡದಾದ ಹೊಸ ಪಿಸ್ಟನ್ನುಗಳ ಡಬ್ಬಿಯನ್ನು ಮೇಜಿನ ಮೇಲಿಟ್ಟು ಸಾವಕಾರರು ಊರಿಗೆ ಹೋದರು. ಡಬ್ಬಿ ಕಂಪನಿಯದಲ್ಲ, ಪುಣೆಯಿಂದ ತರಿಸಿದ್ದು. ಹೀಗೆ ಆ ಅಂಗಡಿಯಲ್ಲಿ ಮೊದಲ ಸಲ ಮಾಲೀಕನ ಮಾತು ಮಾಲೀಕನಲ್ಲದವರ ಬಾಯಿಗೆ ಬಂತು.

ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ನಾವಿಬ್ಬರೇ. ಅಪ್ಪ ಬ್ಲಾಕನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಹೆಬ್ಬೆರಳು ಒಳಗಿಟ್ಟು ಬಹಳ ಹೊತ್ತು ಸುಮ್ಮನೆ ಕೂತ. ಅವನು ಹಾಗೆ ಕೂತರೆ ನನಗೆ ಚಿಕ್ಕಂದಿನಿಂದ ಗೊತ್ತು, ಏನೋ ಸರಿಯಿಲ್ಲ ಎಂದು.

"ಯವ್ವಾ, ಇದರ ಮೈ ಒಂಥರಾ ಐತಿ. ಸಿಡಬಿನ ಕಲಿ ಇದ್ದಂಗ ಸಣ್ಣ ಸಣ್ಣ ತೂತ ಅದಾವ ನೋಡು."

ನೋಡಿದೆ. ಬೂದು ಬಣ್ಣದ ಗೋಡೆಯಲ್ಲಿ ಸೂಜಿಮೊನೆಯಂಥ ಗುಳಿಗಳು. "ಸವದದ್ದಪ್ಪಾ. ತುಕ್ಕು ತಿಂದಿರಬೇಕು" ಎಂದೆ.

"ತುಕ್ಕು ಹಿಂಗ ಲೆಕ್ಕ ಹಾಕಿ ತಿನ್ನೂದಿಲ್ಲ. ಎಲ್ಲಾ ಕಡೆ ಒಂದ ನಮೂನಿ ಅದಾವು."

ಅಂಗಡಿಯಲ್ಲಿ ಒಂದು ಹಳೆಯ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವಿತ್ತು. ಅಲ್ಯೂಮಿನಿಯಂ ಬ್ಲಾಕು ಬಂದಾಗ ಅದನ್ನು ಒಳಗಿಟ್ಟು ನೋಡುವುದು. ಅಂಟಿದರೆ ಒಳಗೆ ಕಬ್ಬಿಣದ ಸ್ಲೀವ್, ಅಂದರೆ ಕೊಳವೆ, ಕೂಡಿಸಿದ್ದಾರೆ ಎಂದು ಅರ್ಥ. ಅದನ್ನು ಧೈರ್ಯವಾಗಿ ಕೊರೆಯಬಹುದು. ನಾನು ಇಟ್ಟೆ. ಅಂಟಿತು.

"ನೋಡು. ಕಬ್ಬಿಣ" ಎಂದೆ.

ಅಪ್ಪ ಅದನ್ನು ಕಿತ್ತು ತಾನೊಮ್ಮೆ ಇಟ್ಟ. ಮತ್ತೆ ಕಿತ್ತ. "ಹಿಡಿಯೂದೇನೋ ಹಿಡೀತು. ಜೋರ ಇಲ್ಲ. ನಮ್ಮ ಟೆಂಪೊದ್ದು ಕೀಳಬೇಕಂದ್ರ ಕೈ ನೋಯ್ತದ. ಇದು ಹೂವು ಕಿತ್ತಂಗ ಬಂತು."

"ಅಯಸ್ಕಾಂತ ಹಳೇದಾಗೇತಿ ಅಪ್ಪಾ."

ಅವನು ಡಬ್ಬಿಯ ಕಡೆ ನೋಡಿದ. "ಕಂಪನ್ಯಾವರು ದೊಡ್ಡ ಪಿಸ್ಟನ್ ಯಾಕ ಮಾಡಿಲ್ಲ? ಸಾವಕಾರ್ರು ಅಂದ್ರಲ್ಲ, ಕಂಪನ್ಯಾಗ ಒಂದ ಅಳತೀದು ಸಿಗತೈತಂತ. ಒಂದ ಅಳತಿ ಮಾಡ್ಯಾರಂದ್ರ, ಇದನ್ನ ಕೊರೀಬ್ಯಾಡ್ರಿ ಅಂತ ಹೇಳಿದಂಗ ಅಲ್ಲೇನ?"

ನಾನು ನಕ್ಕೆ. ಆ ನಗೆ ನನಗೆ ಚೆನ್ನಾಗಿ ನೆನಪಿದೆ. "ಅದು ವ್ಯಾಪಾರ ಅಪ್ಪಾ. ಕೊರಿಸಿಕೊಂಡ್ರ ಅವರ ಹೊಸ ಇಂಜಿನ್ ಯಾರು ತಗೋತಾರ? ಇಂಥಾವು ನಿನಗ ತಿಳಿಯೂದಿಲ್ಲ."

ಸಿಲಿಂಡರಿಗೆ ಲೇಪ ಹಾಕುವ ವಿಷಯ ನನಗೆ ಗೊತ್ತಿರಲಿಲ್ಲವೆಂದಲ್ಲ. ಅದರ ಮೇಲೆ ಪರೀಕ್ಷೆಯಲ್ಲಿ ಎರಡು ಪುಟ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದೆ. ಓಟದ ಗಾಡಿಗಳಲ್ಲಿ ತೂಕ ಕಡಿಮೆ ಮಾಡಲು ಕಬ್ಬಿಣದ ಕೊಳವೆ ತೆಗೆದುಹಾಕಿ, ಅಲ್ಯೂಮಿನಿಯಂ ಗೋಡೆಗೇ ಗಟ್ಟಿಯಾದ ತೆಳು ಪದರ ಕೊಡುತ್ತಾರೆ, ಅದರಿಂದ ಶಾಖ ಬೇಗ ಹೋಗುತ್ತದೆ, ತಿಕ್ಕಾಟ ಕಡಿಮೆ, ಸವೆತ ಕಡಿಮೆ. ಇಷ್ಟೂ ಬಾಯಿಪಾಠ. ಆದರೆ ಅಂಥ ಸಿಲಿಂಡರನ್ನು ಕಣ್ಣಿಂದ ಕಂಡಿರಲಿಲ್ಲ. ಲೇಪ ಎಂದರೆ ನನ್ನ ತಲೆಯಲ್ಲಿ ಪಾತ್ರೆಗೆ ಕಲಾಯಿ ಹಾಕಿದಂತೆ ಬೆಳ್ಳಗೆ ಹೊಳೆಯುವುದು. ಬೂದು ಬಣ್ಣದ, ಗುಳಿ ಬಿದ್ದ, ಅಯಸ್ಕಾಂತಕ್ಕೆ ಅಂಟುವ ಲೇಪ ಇರುತ್ತದೆಂದು ನಾನು ಯೋಚಿಸಲೇ ಇಲ್ಲ. ಉಕ್ಕಿನ ತಂತಿಯನ್ನು ಕರಗಿಸಿ ಗೋಡೆಗೆ ಸಿಂಪಡಿಸಿ ಮಾಡಿದ ಪದರ ಅದು. ಎರಡು ಹಾಳೆ ಒಂದರ ಮೇಲೊಂದು ಇಟ್ಟಷ್ಟೂ ದಪ್ಪವಿಲ್ಲ. ಅಯಸ್ಕಾಂತ ಹೂವಿನಂತೆ ಕಿತ್ತು ಬಂದದ್ದು ಅದಕ್ಕೇ. ಆ ಗುಳಿಗಳು ಸವೆತವಲ್ಲ, ಎಣ್ಣೆ ನಿಲ್ಲಲು ಇರುವ ಜಾಗ. ಇದನ್ನೆಲ್ಲ ನಾನು ಓದಿದ್ದು ಆಮೇಲೆ. ಅಪ್ಪನ ಹೆಬ್ಬೆರಳು ಓದಿದ್ದು ಮೊದಲೇ.

ಅವನು ಬ್ಲಾಕನ್ನು ಮಷೀನಿಗೆ ಕಟ್ಟಿದ. ಗಡಿಯಾರದಂಥ ಗೇಜು ಇಟ್ಟು ಸಿಲಿಂಡರಿನ ನಡುಬಿಂದು ಹಿಡಿದ. ಎಲ್ಲ ಆದ ಮೇಲೆ ನನ್ನ ಕಡೆ ತಿರುಗಿದ. ಯಾರನ್ನೂ ಬಿಡದ ಅವನ ಪ್ರಶ್ನೆ ಅವತ್ತು ನನಗೆ ಬಂತು.

"ಕೊರೀಲೇನವ್ವಾ?"

"ಹೂಂ, ಕೊರಿ ಅಪ್ಪಾ."

"ಖರೇನಾ?"

ಅದನ್ನು ಅವನು ಯಾರಿಗೂ ಎರಡು ಸಲ ಕೇಳಿದವನಲ್ಲ. ನಾನು ಫೋನು ನೋಡುತ್ತ, "ಅಪ್ಪಾ, ನಾ ಇದನ್ನ ಓದೇನಿ" ಎಂದೆ.

ಮೊದಲ ಸಿಲಿಂಡರಿಗೆ ಮೊದಲ ಸಲ ಕೊರೆಯುವ ಟೂಲು ಇಳಿಯಿತು. ತೀರ ಸಣ್ಣ ಕೊರೆತ. ಕಪ್ಪು ಪುಡಿ ಉದುರಿತು. ನಾನು ಅದನ್ನು ಕಾಗದದ ಮೇಲೆ ಹಿಡಿದು, ಅಯಸ್ಕಾಂತ ಆಡಿಸಿ, ಮೀಸೆಯಂತೆ ಎದ್ದು ನಿಂತ ಪುಡಿಯನ್ನು ಅಪ್ಪನಿಗೆ ತೋರಿಸಿದೆ. ಅವನು ನೋಡಿ ಮಷೀನಿನ ಕಡೆ ತಿರುಗಿದ. ಎರಡನೆಯ ಸಲ ಟೂಲನ್ನು ಇನ್ನಷ್ಟು ಹೊರಗೆ ಸರಿಸಿ ಇಳಿಸಿದ. ಒಂದು ಸುತ್ತು, ಎರಡು ಸುತ್ತು. ಸದ್ದು ಬದಲಾಯಿತು. ಅಲ್ಲಿಯವರೆಗೆ ಕರಕರ ಅನ್ನುತ್ತಿದ್ದದ್ದು ಮೆತ್ತಗಾಯಿತು. ಅಪ್ಪನ ಕೈ ಗುಂಡಿಯ ಮೇಲೆ ಹೋಗುವಷ್ಟರಲ್ಲಿ ಕಪ್ಪು ಪುಡಿಯ ಜೊತೆ ಬಿಳೀ ಸುರುಳಿಗಳು ಹೊರಬಂದವು. ಗುಂಗುರು ಕೂದಲಿನಂತೆ, ಹಗುರವಾಗಿ, ಹೊಳೆಯುತ್ತ.

ಮಷೀನು ನಿಂತಿತು. ಅಪ್ಪ ಬೆರಳು ಹಾಕಿ ಒಂದು ಸುರುಳಿ ಎತ್ತಿ ಅಂಗೈಯಲ್ಲಿಟ್ಟುಕೊಂಡ. ನಾನು ಒಳಗೆ ಬ್ಯಾಟರಿ ಬಿಟ್ಟೆ. ಮೇಲಿನ ಒಂದು ಬೆರಳಗಲದಲ್ಲಿ ಬೂದು ಗೋಡೆ ಇರಲಿಲ್ಲ. ಬರೀ ಅಲ್ಯೂಮಿನಿಯಂ, ಬೆತ್ತಲೆಯಾಗಿ. ಅದರ ಮೇಲೆ ಪಿಸ್ಟನ್ ಓಡಿಸಿದರೆ ಒಂದು ತಾಸೂ ತಾಳುವುದಿಲ್ಲ.

"ಸ್ಲೀವ್ ಹಾಕೋಣ ಅಪ್ಪಾ" ಎಂದೆ.

ಅವನು ಎರಡು ಸಿಲಿಂಡರಿನ ನಡುವಿನ ಜಾಗದ ಮೇಲೆ ಬೆರಳಿಟ್ಟು ತೋರಿಸಿದ. ಅಲ್ಲಿ ಸಂದಿ ಎಷ್ಟು ಕಡಿಮೆ ಎಂದರೆ ಕಬ್ಬಿಣದ ಕೊಳವೆ ಕೂಡಿಸಲು ಬೇಕಾದಷ್ಟು ಗೋಡೆಯೇ ಉಳಿಯುತ್ತಿರಲಿಲ್ಲ. "ಮೈಯಾಗ ಮಾಂಸ ಇಲ್ಲವ್ವಾ ಇದಕ್ಕ" ಎಂದ. ಬೈಯಲಿಲ್ಲ. ಬೈದಿದ್ದರೆ ನನಗೆ ಬದುಕಲು ಸುಲಭವಾಗುತ್ತಿತ್ತು. ಬಟ್ಟೆಯಿಂದ ಬ್ಲಾಕು ಒರೆಸಿದ, ಮಷೀನು ಒರೆಸಿದ, ಆಮೇಲೆ ಸಾವಕಾರರಿಗೆ ಫೋನು ಮಾಡಿ ಬರಲು ಹೇಳಿದ.

ಅವರು ಬರಲು ಎರಡು ತಾಸು ಹಿಡಿಯಿತು. ಆ ಎರಡು ತಾಸಿನಲ್ಲಿ ನಾನು ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಹತ್ತು ಸಲ ಜೋಡಿಸಿಕೊಂಡೆ. ಅದು ಲೇಪ, ಕೊರೆಯಬಾರದಿತ್ತು ಎಂದು ಅಪ್ಪನಿಗೂ ಹೇಳಿದೆ. ಸಾವಕಾರರು ಒಳಗೆ ಬಂದು ಬ್ಲಾಕು ನೋಡಿದರು. ಅವರಿಗೆ ಏನೂ ತಿಳಿಯಲಿಲ್ಲ. ಅಪ್ಪನೇ ಅವರ ಬೆರಳನ್ನು ಆ ಬಿಳಿಯ ಮೇಲೆ ಇಡಿಸಿದ.

"ಕೆಡಿಸೀನ್ರಿ ಸಾವಕಾರ್ರ. ನನ್ನ ಕೈಲೆ ಕೆಟ್ಟೈತಿ."

ನಾನು ಬಾಯಿ ತೆರೆದೆ. ಅಪ್ಪ ನನ್ನ ಕಡೆ ನೋಡದೆಯೇ ಮಾತು ಮುಂದುವರಿಸಿದ. "ಇದಕ್ಕ ಮ್ಯಾಲೆ ತೆಳುವಾಗಿ ಲೇಪ ಕೊಟ್ಟಾರಂತ್ರಿ, ಕೊರೀಬಾರದಂತ. ನಮ್ಮಾಕಿ ಬ್ಯಾಡಾ ಅಂದ್ಲು. ಎರಡ ಸಲ ಅಂದ್ಲು. ನಾ ಕೇಳಲಿಲ್ಲ. ಇಷ್ಟ ವರ್ಷ ಕೊರದೇನಿ, ನನಗೇನ್ ಹೇಳ್ತಿ ಅಂದೆ."

ಅದೂ ಎಷ್ಟು ಸಲೀಸಾಗಿ ಹೇಳಿದ. ನಾನಾಡಿದ ಮಾತುಗಳನ್ನು ತಾನು ಹೊತ್ತುಕೊಂಡು, ತಾನಾಡಿದ್ದನ್ನು ನನಗೆ ಕೊಟ್ಟ. ನಾನು ತೆರೆದ ಬಾಯಿ ಮುಚ್ಚಿದೆ. ಅಪ್ಪ ತಡೆದ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಖರೆ ಹೇಳಬೇಕೆಂದರೆ, ಅವನು ಆ ಮಾತು ಆಡಿದ ಕೂಡಲೇ ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು. ಅದನ್ನು ಮತ್ತೆ ಏರಿಸಿಕೊಳ್ಳುವ ಧೈರ್ಯ ನನ್ನಲ್ಲಿರಲಿಲ್ಲ.

ಸಾವಕಾರರು ಸಿಟ್ಟು ಮಾಡಲಿಲ್ಲ. ಒಂದು ಸ್ಟೂಲಿನ ಮೇಲೆ ಕೂತು ಬಹಳ ಹೊತ್ತು ಬ್ಲಾಕನ್ನು ನೋಡಿದರು. ಅಪ್ಪ ಹೊಸ ಬ್ಲಾಕಿನ ಮಾತು ತೆಗೆದಾಗ, "ಬಿಡ್ರಿ, ಅದರ ಮಾತ ಬ್ಯಾಡ. ಈ ಗಾಡಿದು ಈಗ ಬ್ಲಾಕ್ ಎಲ್ಲೂ ಸಿಗೂದಿಲ್ಲ" ಎಂದರು. ಎದ್ದು ಹೋಗುವಾಗ ನನ್ನ ಕಡೆ ತಿರುಗಿ, "ನಿಮ್ಮ ಮಾತ ಕೇಳಬೇಕಿತ್ರಿ ಬಾಯಾರ ಇವರು" ಎಂದರು. ಅಪ್ಪ ತಲೆ ಆಡಿಸಿದ.

ಆ ಮಾತು ರಾಮದುರ್ಗದಿಂದ ಹೊರಟಿತು. ಅದು ಹರಡಿದ ಬಗೆ ನನಗೆ ತಿಳಿಯುತ್ತಿದ್ದದ್ದು ಅಂಗಡಿಯ ಮುಂದೆ ನಿಲ್ಲುವ ಟೆಂಪೊಗಳಿಂದ. ಮೊದಲು ಸಾಲು ಇರುತ್ತಿತ್ತು. ಆಮೇಲೆ ಎರಡು, ಆಮೇಲೆ ಒಂದು. ಸವದತ್ತಿಯ ಮೆಕ್ಯಾನಿಕ್ಕೊಬ್ಬ, ಅಪ್ಪನ ಹತ್ತಿರವೇ ಕೆಲಸ ಕಲಿತವನು, ಬ್ಲಾಕುಗಳನ್ನು ಹುಬ್ಬಳ್ಳಿಗೆ ಕಳಿಸತೊಡಗಿದ. ಒಮ್ಮೆ ಬಸ್ ನಿಲ್ದಾಣದಲ್ಲಿ ಸಿಕ್ಕು, ತಾನಾಗಿಯೇ ಹೇಳಿದ: "ಸಿಟ್ಟ ಆಗಬ್ಯಾಡ್ರಿ ಅಕ್ಕಾರ. ಕಾಕಾನ ಕಣ್ಣು ಮಂಜ ಆಗ್ಯಾವಂತ ಮಂದಿ ಅನ್ನಾಕತ್ತಾರ. ಗಿರಾಕಿ ಒಪ್ಪವಲ್ರು." ಅಪ್ಪನ ಕಣ್ಣುಗಳು ಸೂಜಿಗೆ ದಾರ ಪೋಣಿಸುವಷ್ಟು ಚೆನ್ನಾಗಿದ್ದವು. ಅವ್ವನ ಸೂಜಿಗೆ ಅವನೇ ಪೋಣಿಸಿ ಕೊಡುತ್ತಿದ್ದ.

ನನಗೋ, ಗೌರವ ಹೆಚ್ಚಿತು. ಕಾಲೇಜಿಗೆ ಕಾರು ಗ್ಯಾರೇಜಿನವರು ಫೋನು ಮಾಡಿ ಕೇಳತೊಡಗಿದರು: ಬಾಯಾರ, ಈ ಬ್ಲಾಕು ಕೊರೀಬಹುದೇನ್ರಿ? ನಾನು ಹೇಳುತ್ತಿದ್ದೆ, ಈಗ ಸರಿಯಾಗಿ ಹೇಳುತ್ತಿದ್ದೆ. ಗೋಡೆಯ ಗುಳಿ ನೋಡಿ, ಅಯಸ್ಕಾಂತದ ಹಿಡಿತ ನೋಡಿ, ಅಂಚಿನಲ್ಲಿ ಕೊಳವೆಯ ಗೆರೆ ಕಾಣುತ್ತದೆಯೇ ನೋಡಿ, ಕಂಪನಿ ದೊಡ್ಡ ಪಿಸ್ಟನ್ ಮಾಡುತ್ತದೆಯೇ ಕೇಳಿ. ಇದರಲ್ಲಿ ಮುಕ್ಕಾಲು ಪಾಲು ಅಪ್ಪ ಅವತ್ತು ಆಡಿದ ಮಾತುಗಳೇ.

ಒಂದು ದಿನ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆ, ನಾನು ಹೋಗಿ ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ ಎಂದು. ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

"ಹುಚ್ಚೀ. ನನ್ನ ಹೆಸರು ಹೋಗೂದ ಹೋತು. ನಿಂದ್ಯಾಕ ಕಳೀತಿ?"

"ಸುಳ್ಳಿನ ಹೆಸರು ನನಗ ಬ್ಯಾಡ."

"ಸುಳ್ಳೇನೈತಿ ಅದರಾಗ? ನೀ ಕೊರಿ ಅಂದ್ರ ಕೊರೀಬೇಕಂತ ಎಲ್ಲಿ ಐತಿ? ಗುಂಡಿ ಒತ್ತಿದ ಕೈ ನಂದು." ಆಮೇಲೆ ಸಣ್ಣ ದನಿಯಲ್ಲಿ, "ನಾ ಹೋದರ ಅಂಗಡಿ ಮುಚ್ಚತೈತಿ, ಅಷ್ಟ. ನಿನ್ನ ಮುಂದ ಕುಂತ ಕಲಿಯೂ ಹುಡುಗ್ರು ನಿನ್ನ ನಂಬಬೇಕಲ್ಲ" ಎಂದ.

ಅವ್ವ ಇಬ್ಬರ ಮುಖವನ್ನೂ ನೋಡಿ, "ಸಾರು ಆರಾಕತ್ತೇತಿ" ಎಂದಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ಅವಳಿಗೆ ಎಲ್ಲ ಗೊತ್ತಿತ್ತು.

ಮರುವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಅಂಗಡಿಗೆ ಬರುವುದು ಬರೀ ಹೊಳೆದಂಡೆಯ ಹಳೇ ಪಂಪುಗಳು, ಅದೂ ತಿಂಗಳಿಗೊಂದೋ ಎರಡೋ. ಅಪ್ಪ ಬೆಳಿಗ್ಗೆ ಹೋಗಿ ಮಷೀನು ಒರೆಸಿ, ಎಣ್ಣೆ ಬಿಟ್ಟು, ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದ. ಒಂದು ಶನಿವಾರ ಕಾಲೇಜಿನಿಂದ ಬರುವಾಗ ಬಸ್ಸಿನ ಕಿಟಕಿಯಿಂದ ಅವನನ್ನು ಕಂಡೆ. ಎಡಗೈಯನ್ನು ಮುಷ್ಟಿ ಮಾಡಿ, ಅದರ ತೂತಿನೊಳಗೆ ಬಲಗೈ ಹೆಬ್ಬೆರಳನ್ನು ಇಟ್ಟು ಮೆಲ್ಲಗೆ ತಿರುಗಿಸುತ್ತಿದ್ದ. ಸುಮ್ಮನೆ, ಏನೂ ಕೆಲಸವಿಲ್ಲದ್ದಕ್ಕೆ. ಮರುದಿನ ನಾನು ಯಾರಿಗೂ ಹೇಳದೆ ರಾಮದುರ್ಗದ ಬಸ್ಸು ಹತ್ತಿದೆ.

ಸಾವಕಾರರ ಮನೆ ಮಗ್ಗದ ಸದ್ದಿನ ಓಣಿಯಲ್ಲಿತ್ತು. ಅಂಗಳದಲ್ಲಿ ತಾಡಪತ್ರಿ ಹೊದಿಸಿ ಆ ಕಾರು ನಿಂತಿತ್ತು. ಟೈರುಗಳು ನೆಲಕ್ಕೆ ಕುಸಿದಿದ್ದವು. ತಾಡಪತ್ರಿಯ ಮೇಲೆ ಶಾವಿಗೆ ಒಣಹಾಕಿದ್ದರು.

"ಬರ್ರಿ ಬರ್ರಿ ಬಾಯಾರ. ಕುಂಡರ್ರಿ. ನೋಡ್ರಿ, ನಮ್ಮ ಮನ್ಯಾಕಿ ಸವತಿ ಮ್ಯಾಲೆ ಶಾವಗಿ ಒಣಗಸ್ತಾಳ ಈಗ" ಎಂದು ನಕ್ಕರು. ಅವರ ನಗೆ ಮೊದಲಿನಷ್ಟು ಉದ್ದವಿರಲಿಲ್ಲ. ಚಹಾ ಬಂತು. ನಾನು ಕಪ್ಪನ್ನು ಮುಟ್ಟದೆ ಎಲ್ಲ ಹೇಳಿದೆ. ಅಪ್ಪ ಗುಳಿ ತೋರಿಸಿದ್ದು, ಅಯಸ್ಕಾಂತದ ಹಿಡಿತ ಸಡಿಲ ಎಂದದ್ದು, ಪಿಸ್ಟನ್ನಿನ ಅಳತೆಯ ಮಾತು, ನಾನು ನಕ್ಕದ್ದು, ಅವನು ಎರಡು ಸಲ ಕೇಳಿದ್ದು, ನಾನು ಕೊರಿ ಎಂದದ್ದು. ಒಂದನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ಅತ್ತೆ.

ಸಾವಕಾರರು ಪೂರ್ತಿ ಕೇಳಿದರು. ಆಮೇಲೆ ಚಹಾದ ಕಪ್ಪನ್ನು ನನ್ನ ಕಡೆ ಸರಿಸಿದರು.

"ಕುಡೀರಿ, ಆರತೈತಿ. ಬಾಯಾರ, ನನಗೂ ಒಬ್ಬಾಕಿ ಮಗಳದಾಳ. ಅಪ್ಪನ ಹೆಸರು ಉಳಸಾಕ ಹೆಣ್ಣಮಕ್ಕಳು ಏನ್ ಬೇಕಾದ್ದು ಹೇಳ್ತಾರ, ನನಗ ತಿಳೀತದ."

"ಅಲ್ರಿ ಸಾವಕಾರ್ರ, ಖರೇನ ಹೇಳಾಕತ್ತೇನಿ."

"ಗಾಳಿ ಫಿಲ್ಟರಿಂದ ಕೆಟ್ಟೈತಿ ಅಂತ ನಿಂತಲ್ಲೇ ಹೇಳಿದವ್ರು ನೀವು. ಅಷ್ಟ ತಿಳದವ್ರು ಇಂಥಾ ತಪ್ಪು ಮಾಡ್ತಾರೇನ್ರಿ? ಆ ಮುದುಕ ಅಲ್ಲೇ ನನ್ನ ಮುಂದ ತನ್ನ ಬಾಯಿಲೆ ಒಪ್ಪಿಕೊಂಡಾನ. ನನಗೇನ್ ಸಿಟ್ಟಿಲ್ಲ ಅವನ ಮ್ಯಾಲೆ. ವಯಸ್ಸಾಗೈತಿ, ಇನ್ನ ಸಾಕು ಬಿಡಂತ ಹೇಳ್ರಿ."

ಮತ್ತೊಮ್ಮೆ ಹೇಳಿದೆ. ಅವರು ಕೈ ಮುಗಿದರು. "ನಿಮ್ಮಂಥಾ ಮಗಳು ಎಲ್ಲಾರಿಗೂ ಸಿಗೂದಿಲ್ಲ" ಎಂದರು. ಸಾವಕಾರರ ಹೆಂಡತಿ ಒಳಗಿಂದ ಬಂದು ನನ್ನ ಹಣೆಗೆ ಕುಂಕುಮ ಹಚ್ಚಿ, ಕೈಗೆ ಒಂದು ಕುಪ್ಪಸದ ಬಟ್ಟೆ ಕೊಟ್ಟರು. ಬೇಡವೆನ್ನಲು ಆಗಲಿಲ್ಲ.

ಮನೆಗೆ ಬಂದಾಗ ಅಪ್ಪ ಅಂಗಳದಲ್ಲಿ ಸೈಕಲ್ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದ. ಕುಪ್ಪಸದ ಬಟ್ಟೆ ನೋಡಿ, "ಎಲ್ಲಿಗೆ ಹೋಗಿದ್ದೆ?" ಎಂದ. ರಾಮದುರ್ಗಕ್ಕೆ ಎಂದೆ. ಅವನ ಕೈ ನಿಂತಿತು. ಹೋದದ್ದು, ಹೇಳಿದ್ದು, ಎಲ್ಲ ಹೇಳಿದೆ.

"ಏನಂದ್ರು?" ಎಂದು ಕೇಳಿದ. ಅವನ ಮುಖ ಅಷ್ಟು ಹೆದರಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

"ನಂಬಲಿಲ್ಲ ಅಪ್ಪಾ."

ಅಪ್ಪ ಉಸಿರು ಬಿಟ್ಟ. ಮುಖದ ಗಂಟೆಲ್ಲ ಸಡಿಲಾಯಿತು. "ನಂಬಲಿಲ್ಲಾ? ಹೌದಲ್ಲ, ಹೆಂಗ ನಂಬತಾರ" ಎಂದ. ಅವನ ದನಿಯಲ್ಲಿ ಒಂದು ಬಗೆಯ ಖುಷಿಯಿತ್ತು, ನನ್ನ ಫಲಿತಾಂಶ ಬಂದ ದಿನ ಇದ್ದಂಥದೇ. ಮತ್ತೆ ಬಗ್ಗಿ ಗಾಳಿ ಹೊಡೆಯತೊಡಗಿದ. ನಾನು ಕುಂಕುಮ ಒರೆಸಿಕೊಳ್ಳಲು ಬಚ್ಚಲಿಗೆ ಹೋದೆ.